ಮೈಮೇಲಿನ ಗಾಯಕ್ಕೆ ಬೈಗುಳ ಮದ್ದಲ್ಲ

ತನ್ನ ಮೈಗೆ ತಾನೇ ಗಾಯ ಮಾಡಿಕೊಂಡ ಮಗಳನ್ನೋ ಮಗನನ್ನೋ ಕಂಡಾಗ ಮನೆಯವರ ಬಾಯಲ್ಲಿ ಮೊದಲು ಬರುವುದು ಹೆಚ್ಚಾಗಿ ಬೈಗುಳವೇ. ‘ನಮ್ಮನ್ನ ಹೆದರಿಸೋಕೆ ಮಾಡ್ತಿದ್ದಾಳೆ’, ‘ಎಲ್ಲ ನಾಟಕ’, ‘ಮದುವೆ ಮಾಡಿದ್ರೆ ಸರಿಹೋಗುತ್ತೆ’. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಕೇಳುವ ಮಾತಿದು, ಮೂಡಿಗೆರೆ ತಾಲ್ಲೂಕಿನ ದೇವರಮನೆ ಸುತ್ತಲಿನ ತೋಟದ ಮನೆ, ಲೈನ್‌ಮನೆಗಳಲ್ಲೂ ಕೇಳುವ ಮಾತಿದು. ಆದರೆ ಬೆಂಗಳೂರಿನಲ್ಲಿ ನೊಂದವರಿಗೆ ನಿಮ್ಹಾನ್ಸ್ ಒಂದು ಸಿಟಿ ಬಸ್ಸಿನ ದೂರದಲ್ಲಿದೆ. ಗುಡ್ಡದ ಮನೆಯಿಂದ ಮನೋವೈದ್ಯರನ್ನು ತಲುಪಬೇಕಾದರೆ ಒಂದು ದಿನದ ಕೂಲಿ ಬಿಡಬೇಕು, ಜೀಪು ಹಿಡಿಯಬೇಕು, ನೆಂಟರಿಷ್ಟರಿಗೆ ಒಂದು ಸುಳ್ಳನ್ನೂ ಹೇಳಬೇಕು.

ಸಾಯುವ ಉದ್ದೇಶವಿಲ್ಲದೆ ಮೈಗೆ ನೋವು ಮಾಡಿಕೊಳ್ಳುವುದು ನಾವಂದುಕೊಂಡಷ್ಟು ಅಪರೂಪವಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹದಿಹರೆಯದವರ ಪೈಕಿ ಶೇ 17ರಷ್ಟು ಮಂದಿ ಒಮ್ಮೆಯಾದರೂ ಹೀಗೆ ಮಾಡಿಕೊಂಡಿದ್ದು ಕಂಡುಬಂತು. ಬಹುಪಾಲು ಮಂದಿ ಇದನ್ನು ಮನೆಯವರಿಂದ ಮುಚ್ಚಿಡುತ್ತಾರೆ. ಗಮನ ಸೆಳೆಯುವುದೇ ಉದ್ದೇಶವಾಗಿದ್ದರೆ ಮುಚ್ಚಿಡುವ ಅಗತ್ಯವೇನಿತ್ತು? ಸಿಟ್ಟು, ನಾಚಿಕೆ, ಒಂಟಿತನ, ಒಳಗೆಲ್ಲ ಖಾಲಿಯಾದಂಥ ಭಾವ ತಾಳಲಾರದಷ್ಟಾದಾಗ ಅದರಿಂದ ಪಾರಾಗಲು ಅವರಿಗೆ ಗೊತ್ತಿರುವ ಒಂದೇ ದಾರಿ ಅದು. ಸಿಗುವ ಸಮಾಧಾನ ಕ್ಷಣಿಕ. ಬೆನ್ನಿಗೇ ಬರುವ ಅವಮಾನ, ಅಪರಾಧಿ ಭಾವ ಮೊದಲಿನ ಸಂಕಟವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹೀಗೆ ಅದೊಂದು ಸುಳಿಯಾಗುತ್ತದೆ.

ಈ ಸುಳಿ ತೀರಾ ಬಿಗಿಯಾಗಿ ಕಾಣುವುದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಥವಾ ಬಿಪಿಡಿ ಎಂಬ ಸಮಸ್ಯೆಯಲ್ಲಿ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಇದು ಸೇರಿದ್ದು 1980ರಲ್ಲಿ. ಆ ಕೈಪಿಡಿ ಈಗ ಹೇಳುವ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು. ಬಿಟ್ಟುಹೋಗುತ್ತಾರೆಂಬ ವಿಪರೀತ ಭಯ, ಇಂದು ದೇವರಂತೆ ಕಂಡವರು ನಾಳೆ ಶತ್ರುವಾಗುವ ಸಂಬಂಧಗಳು, ತಾನು ಯಾರೆಂಬ ಗೊಂದಲ, ಗಂಟೆಗಂಟೆಗೆ ಬದಲಾಗುವ ಮನಸ್ಸು, ತಡೆಯಲಾಗದ ಸಿಟ್ಟು ಅವುಗಳಲ್ಲಿ ಕೆಲವು. ಮತ್ತೆ ಮತ್ತೆ ತನ್ನನ್ನು ಗಾಯಗೊಳಿಸಿಕೊಳ್ಳುವುದು ಅಥವಾ ಆತ್ಮಹತ್ಯೆಯ ಯತ್ನ ಇನ್ನೊಂದು. ಆದರೆ ಗಾಯ ಮಾಡಿಕೊಂಡವರಿಗೆಲ್ಲ ಬಿಪಿಡಿ ಇರುವುದಿಲ್ಲ. ಖಿನ್ನತೆ, ಬಾಲ್ಯದ ದೌರ್ಜನ್ಯ, ಮನೆಯೊಳಗಿನ ಹಿಂಸೆಯೂ ಕಾರಣವಾಗಬಹುದು. ಹಣೆಪಟ್ಟಿ ಹಚ್ಚುವ ಕೆಲಸ ತಜ್ಞರದು, ಮನೆಯವರದಲ್ಲ. ಆಸ್ಪತ್ರೆಗೆ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ನಿಜ. ಗಂಡಸರ ಸಂಕಟ ಕುಡಿತ, ಮುಂಗೋಪ ಎಂಬ ಲೆಕ್ಕಕ್ಕೆ ಜಮೆಯಾಗಿ ಬಿಡುವುದರಿಂದ ಅವರು ಕಣ್ಣಿಗೆ ಬೀಳುವುದು ಕಡಿಮೆ.

ಬಿಪಿಡಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಕೊಟ್ಟ ವಿವರಣೆ ಬಹಳ ಮನ್ನಣೆ ಪಡೆದಿದೆ. ಕೆಲವರ ಭಾವನೆಗಳು ಹುಟ್ಟಿನಿಂದಲೇ ಬೇಗ ಕೆರಳುತ್ತವೆ, ತಣಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಅಂಥ ಮಗುವಿಗೆ ‘ಇಷ್ಟಕ್ಕೆಲ್ಲ ಅಳ್ತಾರಾ’ ಎಂದು ದಿನವೂ ಹೇಳುತ್ತ ಬಂದರೆ, ತನ್ನ ನೋವನ್ನು ಹೆಸರಿಸುವುದನ್ನೂ ತಣಿಸುವುದನ್ನೂ ಅದು ಕಲಿಯುವುದೇ ಇಲ್ಲ. ಅಂದರೆ, ಗಾಯ ಕಂಡಾಗ ನಾವು ಆಡುವ ಬೈಗುಳ ರೋಗಕ್ಕೇ ಉಣಿಸುವ ಗೊಬ್ಬರ.

ಲಿನೆಹನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯ ಮೊದಲ ವ್ಯವಸ್ಥಿತ ಪ್ರಯೋಗದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಒಂದು ವರ್ಷ ಈ ಚಿಕಿತ್ಸೆ ಪಡೆದ ಮಹಿಳೆಯರು ಗಾಯ ಮಾಡಿಕೊಳ್ಳುವುದೂ ಆಸ್ಪತ್ರೆ ಸೇರುವುದೂ ಕಡಿಮೆಯಾಗಿತ್ತು. ಇದು ಮೂಲತಃ ಒಂದು ತರಬೇತಿ. ಮಳೆಗಾಲದಲ್ಲಿ ಹಳ್ಳ ಏರಿದಾಗ ಮಲೆನಾಡಿನವರು ದಾಟುವುದಿಲ್ಲ, ಇಳಿಯುವವರೆಗೆ ದಡದಲ್ಲಿ ನಿಲ್ಲುತ್ತಾರೆ. ಭಾವನೆ ಉಕ್ಕಿದಾಗಲೂ ಹಾಗೆ ನಿಲ್ಲುವುದನ್ನು ಈ ಚಿಕಿತ್ಸೆ ಕಲಿಸುತ್ತದೆ. 2011ರಲ್ಲಿ ಲಿನೆಹನ್ ಬಹಿರಂಗವಾಗಿ ಹೇಳಿದರು: 17ನೇ ವಯಸ್ಸಿನಲ್ಲಿ ತಾನೂ ಮನೋರೋಗ ಆಸ್ಪತ್ರೆಯಲ್ಲಿದ್ದೆ, ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುತ್ತಿದ್ದೆ ಎಂದು.

ಬಿಪಿಡಿ ವಾಸಿಯಾಗದು ಎಂಬ ಹಳೆಯ ನಂಬಿಕೆಯೂ ಕುಸಿದಿದೆ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಮೇರಿ ಜನಾರಿನಿ ಮತ್ತು ಸಂಗಡಿಗರು 290 ರೋಗಿಗಳನ್ನು ದೀರ್ಘಕಾಲ ಅನುಸರಿಸಿ ನೋಡಿದರು. ಹತ್ತು ವರ್ಷಗಳಲ್ಲಿ ಶೇ 93ರಷ್ಟು ಮಂದಿಯಲ್ಲಿ ಬಿಪಿಡಿ ಎನ್ನಲಾಗದಷ್ಟು ಲಕ್ಷಣಗಳು ತಗ್ಗಿ, ಕನಿಷ್ಠ ಎರಡು ವರ್ಷ ಹಾಗೆಯೇ ಉಳಿದಿದ್ದವು. ಆದರೆ ಕೆಲಸ, ಸಂಬಂಧಗಳೂ ನೆಟ್ಟಗಾಗಿ ಪೂರ್ಣ ಚೇತರಿಸಿಕೊಂಡವರು ಅರ್ಧದಷ್ಟು ಮಾತ್ರ. ಲಕ್ಷಣ ತಗ್ಗಿದ ಮೇಲೂ ಬದುಕು ಕಟ್ಟಿಕೊಳ್ಳಲು ಆಸರೆ ಬೇಕು ಎಂಬುದೇ ಇದರ ಅರ್ಥ.

ನಮ್ಮ ವ್ಯವಸ್ಥೆ ಎಡವಿರುವುದು ಇಲ್ಲಿಯೇ. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯುವಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿದ ರಾಜ್ಯ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಪ್ರಯೋಗವೇ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡೂ ಆಯಿತು. ಆದರೆ ಒಂದೇ ದಿನ ಹಲವರನ್ನು ನೋಡಿ ಮಾತ್ರೆ ಬರೆದುಕೊಡುವ ಇಂಥ ಕ್ಲಿನಿಕ್ಕು ಸ್ಕಿಜೋಫ್ರೇನಿಯಾ, ಖಿನ್ನತೆಗೆ ಒದಗಿದಷ್ಟು ಬಿಪಿಡಿಗೆ ಒದಗುವುದಿಲ್ಲ. ಬಿಪಿಡಿಗೆಂದೇ ಔಷಧ ಬಳಸಬಾರದು ಎಂದು ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲೇ ಹೇಳಿದೆ. ಇದಕ್ಕೆ ಬೇಕಾದುದು ವಾರವಾರವೂ ಕೂತು ಮಾತಾಡುವ ಒಬ್ಬ ಮನುಷ್ಯ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೂ ಸಿಗುತ್ತದೆ, ಉಚಿತ. ಆದರೆ ಮಳೆ ಹಿಡಿದರೆ ಕರೆಂಟೂ ಸಿಗ್ನಲ್ಲೂ ಕೈಕೊಡುವ ಗುಡ್ಡದೂರುಗಳಿಗೆ ಫೋನೊಂದೇ ಸಾಲದು. ಮೂಡಿಗೆರೆ, ಕಳಸದಂಥ ತಾಲ್ಲೂಕುಗಳ ಆಸ್ಪತ್ರೆಗೆ ಪೂರ್ಣಕಾಲಿಕ ಆಪ್ತಸಮಾಲೋಚಕರೊಬ್ಬರನ್ನು ಸರ್ಕಾರ ಕೊಡಬೇಕು. ಆಶಾ ಕಾರ್ಯಕರ್ತೆಯರಿಗೆ, ಪ್ರೌಢಶಾಲೆ ಮತ್ತು ಹಾಸ್ಟೆಲಿನ ಶಿಕ್ಷಕರಿಗೆ ಈ ಸಂಕಟವನ್ನು ಗುರುತಿಸುವ, ಬೈಯದೆ ಮಾತಾಡಿಸುವ ತರಬೇತಿ ಬೇಕು. ಕಾನೂನು ಈಗಾಗಲೇ ದಾರಿ ತೆರೆದಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ, ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್. ಯತ್ನವನ್ನೇ ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿಲ್ಲ. ಪೊಲೀಸರ ಭಯದಿಂದ ಗಾಯ ಮುಚ್ಚಿಡಬೇಕಿಲ್ಲ.

ಮನೆಯವರಿಗೆ ಮೊದಲ ಕೆಲಸವೆಂದರೆ ಗಾಯಕ್ಕೆ ಔಷಧಿ ಹಚ್ಚುವುದು. ವಿಚಾರಣೆ ಬೇಡ, ನೆಂಟರ ಮುಂದೆ ಪ್ರಸ್ತಾಪ ಬೇಡ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಗಾಯ ಮಾಡಿಕೊಳ್ಳುವವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚು. ಆದ್ದರಿಂದ ಅಪಾಯಕಾರಿ ವಸ್ತುಗಳನ್ನು ಬೀಗದೊಳಗಿಡಿ, ಒಬ್ಬರನ್ನೇ ಬಿಡಬೇಡಿ. ದೇವರಿಗೆ ಹರಕೆ ಹೊತ್ತರೆ ತಪ್ಪಿಲ್ಲ, ಆಸ್ಪತ್ರೆಗೂ ಜೊತೆಯಾಗಿ ಹೋಗಿ. ಈ ಸಂಕಟ ನಿಮ್ಮದೇ ಆಗಿದ್ದರೆ, ನೀವು ನಾಟಕ ಮಾಡುತ್ತಿಲ್ಲ, ಇದರಿಂದ ಹೊರಬಂದವರು ಬಹಳ ಜನ ಇದ್ದಾರೆ. ನಂಬುವ ಒಬ್ಬರಿಗೆ ಇಂದೇ ಹೇಳಿ, ಅಥವಾ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ತಡಮಾಡದೆ 108 ಆಂಬುಲೆನ್ಸ್‌ಗೆ ಕರೆ ಮಾಡಿ.