ದೋಸೆ ತಿಂದ ಜಾಗದಲ್ಲಿ ಸೆಮ್ಮೊಳಿ

ಚೆನ್ನೈನ ಜೆಮಿನಿ ಮೇಲ್ಸೇತುವೆ ಇಳಿದು ಕೆಥೆಡ್ರಲ್ ರಸ್ತೆಗೆ ಬಂದರೆ ಸೆಮ್ಮೊಳಿ ಪೂಂಗಾ ಸಿಗುತ್ತದೆ. 2010ರ ನವೆಂಬರಿನಲ್ಲಿ ಬಾಗಿಲು ತೆರೆದ ಉದ್ಯಾನ. ಊರಿನ ಹಳಬರಿಗೆ ಅದು ಇವತ್ತಿಗೂ 'ಡ್ರೈವ್-ಇನ್' ಜಾಗ. ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದು ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದ ಕೆ. ಕೃಷ್ಣರಾಯರು 1962ರಲ್ಲಿ ಇಲ್ಲೇ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಶುರು ಮಾಡಿದ್ದರು. ಮರದ ನೆರಳಿಗೆ ಕಾರು ನಿಲ್ಲಿಸಿದರೆ ಸಾಕು, ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ, ಕಾಫಿ ತಂದಿಡುತ್ತಿದ್ದರು. 2008ರಲ್ಲಿ ಹೋಟೆಲು ಮುಚ್ಚಿತು. ಅದೇ ವರ್ಷ ಅಕ್ಟೋಬರ್ 31ರಂದು, ರಾಜ್ಯೋತ್ಸವದ ಮುನ್ನಾದಿನ, ಕನ್ನಡಕ್ಕೆ ತೆಲುಗಿನ ಜತೆ 'ಶಾಸ್ತ್ರೀಯ ಭಾಷೆ' ಎಂಬ ಮಾನ್ಯತೆ ಸಿಕ್ಕಿತು.

ಕೇಂದ್ರದ ಕಡತದಲ್ಲಿ ಎಲ್ಲರಿಗೂ ಒಂದೇ ಪದ: ಕ್ಲಾಸಿಕಲ್. ಮನೆಗೆ ತಂದಮೇಲೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. 2004ರಲ್ಲೇ ಪಡೆದ ತಮಿಳರು 'ಸೆಮ್ಮೊಳಿ' ಎಂದರು. ತೆಲುಗರಿಗೆ ಅದು 'ಪ್ರಾಚೀನ', ಮಲಯಾಳಿಗಳಿಗೆ 'ಶ್ರೇಷ್ಠ', 2024ರಲ್ಲಿ ಸೇರಿದ ಮರಾಠಿಗರಿಗೆ 'ಅಭಿಜಾತ'. ವಯಸ್ಸು, ಗುಣ, ಕುಲ, ಎಲ್ಲವೂ ಬಂದವು. ಕನ್ನಡಿಗರು ಆರಿಸಿಕೊಂಡದ್ದು ಶಾಸ್ತ್ರ! ಶಾಸ್ತ್ರೀಯ ಎಂದೊಡನೆ ನಮ್ಮ ಕಿವಿಗೆ ಕೇಳುವುದು ತಂಬೂರಿ.

ಮೂಲ ಪದಕ್ಕೂ ಸಾಹಿತ್ಯಕ್ಕೂ ಮೊದಲು ನಂಟೇ ಇರಲಿಲ್ಲ. ಪ್ರಾಚೀನ ರೋಮಿನಲ್ಲಿ ಆಸ್ತಿಯ ಲೆಕ್ಕ ಹಿಡಿದು ಜನರನ್ನು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಮೊದಲ ವರ್ಗದ ಉಳ್ಳವನು 'ಕ್ಲಾಸಿಕುಸ್'. ಎರಡನೆಯ ಶತಮಾನದಲ್ಲಿ ಆಲುಸ್ ಗೆಲ್ಲಿಯುಸ್ ಎಂಬ ಬರಹಗಾರ ಈ ಪದವನ್ನು ಲೇಖಕರಿಗೆ ಅಂಟಿಸಿ, ಎದುರಿಗೆ ಏನೂ ಇಲ್ಲದ 'ಪ್ರೊಲೆಟೇರಿಯುಸ್' ಲೇಖಕನನ್ನು ನಿಲ್ಲಿಸಿದ. ತೆರಿಗೆ ಪುಸ್ತಕದ ಮಾತು ಹೀಗೆ ಕವಿಗಳ ಪಾಲಾಯಿತು.

ಪದದ ಮಟ್ಟಿಗೆ ತಮಿಳರೇ ಜಾಣರು. ಅವರ 'ಸೆಂ'ನಲ್ಲಿ ಕೆಂಪೂ ಇದೆ, ನೇರವೂ ಇದೆ, ಸೊಗಸೂ ಇದೆ. ಕೆಂಪಿನ ಅರ್ಥದಲ್ಲಿ ಅದು ನಮ್ಮ 'ಕೆಂ'ನ ಒಡಹುಟ್ಟು: ನಮ್ಮ ಕೆಂದಾವರೆ ಅಲ್ಲಿ ಸೆಂತಾಮರೈ. ನಮ್ಮ ಕಿವಿ ಅಲ್ಲಿ ಸೆವಿ, ನಮ್ಮ ಕೇರಿ ಅಲ್ಲಿ ಸೇರಿ. ವೇಳಚ್ಚೇರಿಯ ಬಸ್ಸು ಹತ್ತುವ ಕನ್ನಡಿಗ ಟಿಕೆಟ್ಟಿನ ಮೇಲೆ ಓದುವುದು ತನ್ನದೇ ಪದವನ್ನು.

ಇಷ್ಟು ಹತ್ತಿರದವರ ನಡುವೆ ವ್ಯಾಜ್ಯ ಹುಟ್ಟಿದ್ದು ಸಹಜ ಅನ್ನಿ. ತಮಿಳಿಗೆ ಕೊಟ್ಟಾಗ ಸಾವಿರ ವರ್ಷದ ಹಳಮೆ ಸಾಕಿತ್ತು. ಮರುವರ್ಷ ಅಳತೆಗೋಲು 1,500ರಿಂದ 2,000 ವರ್ಷಕ್ಕೆ ಏರಿತು. ಸುಮಾರು 450ರ ಹಲ್ಮಿಡಿ ಶಾಸನ ಕನ್ನಡದ ಕೈ ಹಿಡಿಯಿತು. ಆದರೆ ಈ ಮಾನ್ಯತೆಯ ವಿರುದ್ಧ ಚೆನ್ನೈನ ವಕೀಲ ಆರ್. ಗಾಂಧಿ ಮದ್ರಾಸ್ ಹೈಕೋರ್ಟಿಗೆ ಹೋದರು. 2008ರ ಅಧಿಸೂಚನೆಗೆ, ಈ ಕೋರ್ಟಿನ ತೀರ್ಪಿಗೆ ಒಳಪಟ್ಟು ಎಂಬ ಬಾಲವೂ ಅಂಟಿಕೊಂಡಿತು. ಕನ್ನಡದ ಹಿರಿತನದ ಪ್ರಶ್ನೆ ಎಂಟು ವರ್ಷ ಚೆನ್ನೈನಲ್ಲಿ ತೂಗಾಡಿ, 2016ರ ಆಗಸ್ಟ್ 8ರಂದು ಅರ್ಜಿ ವಜಾ ಆಯಿತು.

ಇನ್ನು ಮಾನ್ಯತೆಯ ಫಲ. ಶಾಸ್ತ್ರೀಯ ತಮಿಳಿನ ಕೇಂದ್ರೀಯ ಸಂಸ್ಥೆ 2008ರಲ್ಲೇ ಮೈಸೂರು ಬಿಟ್ಟು ಚೆನ್ನೈಗೆ ಬಂದು ಸ್ವಾಯತ್ತವಾಯಿತು. 2022ರ ಜನವರಿಯಲ್ಲಿ ಪೆರುಂಬಾಕ್ಕಂನಲ್ಲಿ 24 ಕೋಟಿ ರೂಪಾಯಿಯ ಸ್ವಂತ ಕಟ್ಟಡ ಕಂಡಿತು. ಕನ್ನಡದ ಕೇಂದ್ರ ಹುಟ್ಟಿದ್ದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮಡಿಲಲ್ಲಿ. ಅದಕ್ಕೆ ಸ್ವಾಯತ್ತತೆ ಕೊಡಿ ಎಂಬ ಮನವಿಗಳು ವರ್ಷಗಟ್ಟಲೆ ದೆಹಲಿಗೆ ಹೋಗುತ್ತಲೇ ಇದ್ದವು. ಬಡಿಸಿಯೂ ಬಡಿಸದಂತೆ ಎಲೆಯ ತುದಿಗೆ ಚಿಟಿಕೆ ಉಪ್ಪಿನಕಾಯಿ ಇಟ್ಟು ಹೋಗುವುದಕ್ಕೆ ನಮ್ಮ ಹಳ್ಳಿಗಳ ಊಟದ ಪಂಕ್ತಿಯಲ್ಲಿ ಒಂದು ಮಾತಿದೆ: ಶಾಸ್ತ್ರಕ್ಕೆ.