ಕೈಗೆ ಅಂಟಿಸುವ ಪಟ್ಟಿ ಆಸರೆ, ಔಷಧವಲ್ಲ

ಪಾರ್ಶ್ವವಾಯುವಿಗೆ ತುತ್ತಾಗಿ ಆಸ್ಪತ್ರೆಯಿಂದ ಮನೆಗೆ ಮರಳಿದ ಹಿರಿಯರಲ್ಲಿ ಹಲವರು ಕ್ರಮೇಣ ಕೋಲು ಹಿಡಿದಾದರೂ ನಡೆಯತೊಡಗುತ್ತಾರೆ. ಕೈ ಮಾತ್ರ ಹಿಂದುಳಿಯುತ್ತದೆ. ಮಣಿಕಟ್ಟು ಬಾಗಿ, ಬೆರಳುಗಳು ಮುಷ್ಟಿಯೊಳಗೆ ಮಡಚಿಕೊಂಡು, ತುತ್ತೆತ್ತಲೂ ಅಂಗಿಯ ಗುಂಡಿ ಹಾಕಲೂ ಇತರರನ್ನು ಕಾಯಬೇಕಾಗುತ್ತದೆ. ಜೀವಮಾನವಿಡೀ ಸಹಿ ಹಾಕಿದವರು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ಪಡುವ ಸಂಕಟವನ್ನು ಮನೆಮಂದಿಯೇ ಬಲ್ಲರು.

ಇಂತಹ ಕೈಗೆ ಫಿಸಿಯೋಥೆರಪಿಸ್ಟರು ಕೆಲವೊಮ್ಮೆ ಬಣ್ಣದ ಹಿಗ್ಗುವ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಆಟಗಾರರ ಭುಜ, ಮೊಣಕಾಲುಗಳ ಮೇಲೆ ಕಾಣುವ ಕಿನೀಸಿಯೋ ಟೇಪ್ ಇದೇ. ಜಪಾನಿನ ಕೆಂಜೋ ಕಾಸೆ ಎಂಬ ಚಿಕಿತ್ಸಕರು 1970ರ ದಶಕದಲ್ಲಿ ಇದನ್ನು ರೂಪಿಸಿದರು. ಹತ್ತಿಬಟ್ಟೆಯ ಈ ಪಟ್ಟಿಯಲ್ಲಿ ಔಷಧವೇನೂ ಇರುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಐದು ದಿನ ಮೈಮೇಲೆ ಉಳಿಯುತ್ತದೆ.

ಮುಂಗೈಯ ಹಿಂಬದಿಯಿಂದ ಬೆರಳುಗಳತ್ತ ಅಂಟಿಸಿದ ಪಟ್ಟಿಯು ಬಾಗಿದ ಮಣಿಕಟ್ಟನ್ನು ಮೃದುವಾಗಿ ಮೇಲಕ್ಕೆಳೆಯುತ್ತದೆ. ಚರ್ಮದ ಸ್ಪರ್ಶದ ಮೂಲಕ ಅದು ಮಿದುಳಿಗೆ ಕೈಯ ಅರಿವನ್ನೂ ನೀಡುತ್ತದೆಂಬುದು ಇದರ ಹಿಂದಿರುವ ವಿಚಾರ. ವ್ಯಾಯಾಮದೊಡನೆ ಇದನ್ನು ಬಳಸಿದಾಗ ಕೆಲವರಿಗೆ ಪ್ರಯೋಜನವಾದುದುಂಟು. ಆದರೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣವು, ಫಲಿತಾಂಶಗಳೂ ಏಕರೂಪವಾಗಿಲ್ಲ. ಕೈಯನ್ನು ದುಡಿಸದೆ ಪಟ್ಟಿಯನ್ನಷ್ಟೇ ನೆಚ್ಚಿ ಕುಳಿತರೆ ಫಲ ನಿರೀಕ್ಷಿಸಲಾಗದು.

ಅಂಟಿಸುವ ದಿಕ್ಕು, ಎಳೆಯುವ ಪ್ರಮಾಣ ಇವೆರಡೂ ಮುಖ್ಯವಾದುದರಿಂದ ಮೊದಲು ತಜ್ಞರಿಂದಲೇ ಹಾಕಿಸಿಕೊಳ್ಳಬೇಕು. ಗಾಯ, ಸೋಂಕು ಅಥವಾ ತೀರ ತೆಳುವಾದ ಚರ್ಮವಿರುವಲ್ಲಿ ಅಂಟಿಸಬಾರದು. ಕೈಗೆ ಸ್ಪರ್ಶಜ್ಞಾನವಿಲ್ಲದವರಿಗೆ ತುರಿಕೆ, ಗುಳ್ಳೆ ಎದ್ದರೂ ತಿಳಿಯದಿರಬಹುದು. ಆದುದರಿಂದ ಮನೆಯವರು ದಿನವೂ ನೋಡಬೇಕು, ಚರ್ಮ ಕೆಂಪಾದರೆ ತೆಗೆಯಬೇಕು. ತೆಗೆಯುವಾಗ ಎಣ್ಣೆ ಸವರಿ, ರೋಮದ ದಿಕ್ಕಿನಲ್ಲಿ ನಿಧಾನವಾಗಿ ಬಿಡಿಸಬೇಕು.

ಪಾರ್ಶ್ವವಾಯುವನ್ನು ಸಂಪೂರ್ಣ ಗುಣಪಡಿಸುತ್ತೇವೆಂಬ ಜಾಹೀರಾತುಗಳು ಕಂಗೆಟ್ಟ ಕುಟುಂಬಗಳನ್ನು ಬೇಗನೆ ಸೆಳೆಯುತ್ತವೆ. ಆದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯ ಅನುಸೂಚಿಯಲ್ಲಿ ಪಾರ್ಶ್ವವಾಯುವೂ ಸೇರಿದೆ. ಅದನ್ನು ವಾಸಿಮಾಡುವ ಔಷಧವೆಂದು ಜಾಹೀರಾತು ನೀಡುವುದೇ ಅಪರಾಧ, ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ದೇಹದ ಕ್ರಿಯೆಯ ಮೇಲೆ ಪರಿಣಾಮ ಬೀರಲೆಂದು ನೀಡುವ ಆಹಾರೇತರ ವಸ್ತುವೂ ಈ ಕಾಯಿದೆಯ ಅರ್ಥದಲ್ಲಿ ಔಷಧವೇ. ಹಣ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟವೆಂದರೆ, ಇಂತಹ ಮಾತು ನಂಬಿ ವ್ಯಾಯಾಮದ ಅಮೂಲ್ಯವಾದ ಮೊದಲ ತಿಂಗಳುಗಳನ್ನು ಕಳೆದುಕೊಳ್ಳುವುದು.

ಕೇರಳದಲ್ಲಿ ಪಂಚಾಯತುಗಳ ಪಾಲಿಯೇಟಿವ್ ತಂಡಗಳು ಮನೆಗಳಿಗೆ ಭೇಟಿ ನೀಡುತ್ತವೆ. ಹತ್ತಿರದಲ್ಲಿ ಫಿಸಿಯೋಥೆರಪಿ ಎಲ್ಲಿ ದೊರೆಯುತ್ತದೆಂದು ಆ ದಾದಿಯರನ್ನು ಕೇಳಬಹುದು. ಕಲಿಸಿಕೊಟ್ಟ ವ್ಯಾಯಾಮಗಳನ್ನು ಶಾಲೆಗೆ ಹೋಗುವ ಮಕ್ಕಳು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅಜ್ಜನಿಗೂ ಅಜ್ಜಿಗೂ ಓದಲು ಸುಲಭ. ಲೋಟ ಹಿಡಿಯುವುದು, ಬಟ್ಟೆ ಮಡಚುವುದು, ಮೊಮ್ಮಗುವಿನ ಸ್ಲೇಟಿನಲ್ಲಿ ತಮ್ಮ ಹೆಸರು ತಿದ್ದುವುದು ಇವೆಲ್ಲವೂ ಅಭ್ಯಾಸಗಳೇ. ಪಟ್ಟಿ ಕೆಲವೇ ದಿನಗಳಲ್ಲಿ ಕಳಚುತ್ತದೆ, ಅಭ್ಯಾಸ ಮುಂದುವರಿಯಬೇಕು.