ಊರ ಭಂಡಾರದ ಲೆಕ್ಕ



ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರ ಮೇಲೆ ದೂರು ಬಂದಾಗ, ಅವರು ಭಂಡಾರದ ಲೆಕ್ಕವನ್ನು ಒಪ್ಪಿಸಿ ತೋರಿದರೆಂದು ಪುರಾಣಗಳು ಹೇಳುತ್ತವೆ. ಸಾರ್ವಜನಿಕ ಧನದ ಲೆಕ್ಕ ಕೇಳುವುದು ಅಪಚಾರವಲ್ಲ. ಆದರೂ ಜಾತ್ರೆಯ ಜಮಾಖರ್ಚನ್ನು ಪೈಸೆ ಬಿಡದೆ ವಿಚಾರಿಸುವ ನಾವು, ನಮ್ಮ ತೆರಿಗೆಯಿಂದ ನಡೆಯುವ ನಗರಪಾಲಿಕೆಯ ಆಯವ್ಯಯ ಪತ್ರವನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಅದನ್ನು ಓದುವುದು ಕಠಿಣವೇನಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷಕ್ಕೆ ಅದು ಸಿದ್ಧವಾಗುತ್ತದೆ. ಸಾಮಾನ್ಯವಾಗಿ ಪ್ರತಿಯೊಂದು ಬಾಬಿನ ಮುಂದೆ ಹಿಂದಿನ ವರ್ಷದ ನೈಜ ಲೆಕ್ಕ, ನಡೆಯುತ್ತಿರುವ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಇರುತ್ತವೆ. ಪತ್ರಿಕೆಗಳು ಸಾರುವುದು ಕೊನೆಯದನ್ನು. ನಾವು ನೋಡಬೇಕಾದುದು ಮೊದಲನೆಯದನ್ನು. ಹಳೆಯ ಪತ್ರವನ್ನೂ ಪಕ್ಕದಲ್ಲಿಟ್ಟುಕೊಳ್ಳಿರಿ. ಅಂದು ಚರಂಡಿಗೆ 2 ಕೋಟಿ ರೂಪಾಯಿ ಘೋಷಿಸಿ 40 ಲಕ್ಷವನ್ನಷ್ಟೇ ವೆಚ್ಚಮಾಡಿದ್ದರೆ, ಇಂದಿನ 3 ಕೋಟಿಯ ಮಾತನ್ನು ನಂಬುವುದೆಂತು? ಹಣವನ್ನು ಬೇರೆಡೆಗೆ ತಿರುಗಿಸಿದರೋ, ನಿರೀಕ್ಷಿಸಿದ ತೆರಿಗೆಯೇ ವಸೂಲಾಗಲಿಲ್ಲವೋ? ಇದೇ ನಾವು ಕೇಳಬೇಕಾದ ಪ್ರಶ್ನೆ.

ಇಂತಹ ವಿಚಾರಣೆ ಹೊಸತಲ್ಲ. 2002ರಲ್ಲಿ ಬೆಂಗಳೂರಿನಲ್ಲಿ ಜನಾಗ್ರಹ ಮೊದಲಾದ ಸಂಸ್ಥೆಗಳು ‘ಪ್ರೂಫ್’ ಎಂಬ ಅಭಿಯಾನವನ್ನು ಕೈಗೊಂಡು, ಪಾಲಿಕೆಯ ತ್ರೈಮಾಸಿಕ ಲೆಕ್ಕಗಳನ್ನು ಬಹಿರಂಗ ಚರ್ಚೆಗೆ ತಂದವು. 2005ರ ಮಾಹಿತಿ ಹಕ್ಕು ಅಧಿನಿಯಮ ಬಂದ ಬಳಿಕ, 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡುವುದು ಅಧಿಕಾರಿಗಳ ಕರ್ತವ್ಯ.

ಓಣಿಯ ಹತ್ತು ಮನೆಯವರು ಕೂಡಿ ಒಂದು ಬಾಬನ್ನಾದರೂ ಓದಿರಿ. ಮಕ್ಕಳನ್ನೂ ಕೂರಿಸಿಕೊಳ್ಳಿರಿ; ಕೂಡುವ, ಕಳೆಯುವ ಲೆಕ್ಕ ಅವರಿಗೂ ಬರುತ್ತದೆ. ಬಳಿಕ ಒಂದೇ ಪ್ರಶ್ನೆಯನ್ನು, ಎಲ್ಲರೂ ಸಹಿ ಮಾಡಿ, ಆಯುಕ್ತರಿಗೆ ಕಳುಹಿಸಿರಿ.